ನೋಟ್‌ಪ್ಯಾಡಿನ ಇನ್ನೂರು ತುಣುಕುಗಳಲ್ಲಿ ಯಾವುದು ಉಳಿಯಬೇಕು?

ಪ್ರಶ್ನೆ: ನಾನು ಕೋಲಾರದಲ್ಲಿದ್ದು, ಎಪಿಎಂಸಿ ಪ್ರಾಂಗಣದ ಮೂರು ಟೊಮೆಟೊ ಮಂಡಿಗಳ ಮತ್ತು ಒಂದು ಸಹಕಾರ ಸಂಘದ ಜಾಲತಾಣಗಳನ್ನು ಒಬ್ಬನೇ ನೋಡಿಕೊಳ್ಳುತ್ತೇನೆ. ಆರು ವರ್ಷಗಳಿಂದ ಅಲ್ಲಿಲ್ಲಿ ಸಿಕ್ಕ ಜಾವಾಸ್ಕ್ರಿಪ್ಟ್ ತುಣುಕುಗಳು ಮತ್ತು ಶೆಲ್ ಕಮಾಂಡ್‌ಗಳು (ಟರ್ಮಿನಲ್‌ನಲ್ಲಿ ಹೊಡೆದು ಓಡಿಸುವ ಆಜ್ಞೆಗಳು) ಒಂದೇ ನೋಟ್‌ಪ್ಯಾಡ್ ಫೈಲಿನಲ್ಲಿ ಸೇರಿ ಇನ್ನೂರು ದಾಟಿವೆ. ಕಳೆದ ತಿಂಗಳು, ಹಳೆಯ ಫೋಟೊಗಳನ್ನು ತೆಗೆಯಲೆಂದು ಇಟ್ಟುಕೊಂಡಿದ್ದ ಎರಡು ಸಾಲಿನ ಸ್ಕ್ರಿಪ್ಟ್ (ಅದೂ ಸೇರಿ ಇಡೀ ಫೈಲಿನ ಪ್ರತಿಯನ್ನು ಜೊತೆಗಿಟ್ಟಿದ್ದೇನೆ) ಒಂದು ಮಂಡಿಯ ಎಲ್ಲ ಫೋಟೊಗಳನ್ನೂ ಅಳಿಸಿಬಿಟ್ಟಿತು. ನಸುಕಿನಲ್ಲಿ ಹಾಕುವ ದರಪಟ್ಟಿಗೆ ಆಗಾಗ ಹಿಂದಿನ ದಿನದ ತಾರೀಖು ಬೀಳುತ್ತದೆ. ಈ ತುಣುಕುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಎಲ್ಲವನ್ನೂ ಪೈಥಾನ್‌ನಲ್ಲಿ ಹೊಸದಾಗಿ ಬರೆದುಬಿಡುವುದು ಒಳ್ಳೆಯದೇ?

ಉತ್ತರ: ಇಂಥ ಫೈಲನ್ನು ಜರಡಿ ಹಿಡಿಯುವಾಗ ನಾನು ಪ್ರತಿ ತುಣುಕಿಗೂ ಕೇಳುವ ಪ್ರಶ್ನೆ ಒಂದೇ. ತಪ್ಪು ಮಾಹಿತಿ ಕೊಟ್ಟಾಗ ಇದು ನಿಲ್ಲುತ್ತದೆಯೋ, ಅಥವಾ ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆಯೋ? ಸರಿಯಾದ ಮಾಹಿತಿಗೆ ಸರಿಯಾದ ಉತ್ತರ ಕೊಡುವುದನ್ನು ಎಲ್ಲ ತುಣುಕುಗಳೂ ಮಾಡುತ್ತವೆ, ಹಾಗೆ ಮಾಡಿದ್ದರಿಂದಲೇ ಅವು ನಿಮ್ಮ ಫೈಲಿಗೆ ಬಂದು ಸೇರಿವೆ. ನಿಮ್ಮ ಎರಡು ತೊಂದರೆಗಳೂ ಎರಡನೆಯ ಜಾತಿಯ ತುಣುಕುಗಳಿಂದ ಆದವು. (ಕೆಳಗೆ ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳಿಕೊಳ್ಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು.)

ಮೊದಲು ಅಳಿಸಿದ ಸ್ಕ್ರಿಪ್ಟನ್ನು ನೋಡೋಣ. ಅದರ ಮೊದಲನೆಯ ಸಾಲು, ವೇರಿಯಬಲ್ (ಮಾಹಿತಿ ಹಿಡಿದಿಡುವ ಖಾನೆ) ಹೇಳುವ ಹೆಸರಿನ ಫೋಲ್ಡರಿಗೆ ‘ಸಿಡಿ’ ಮಾಡುತ್ತದೆ, ಅಂದರೆ ಅದರೊಳಗೆ ಹೋಗುತ್ತದೆ. ಎರಡನೆಯ ಸಾಲು, ನಿಂತ ಜಾಗದಲ್ಲಿರುವುದನ್ನೆಲ್ಲ ‘ಆರ್‌ಎಂ’ ಮಾಡುತ್ತದೆ, ಅಂದರೆ ಅಳಿಸುತ್ತದೆ. ಕಳೆದ ತಿಂಗಳವರೆಗೆ ನಿಮ್ಮ ಫೋಲ್ಡರುಗಳ ಹೆಸರಿನಲ್ಲಿ ಸ್ಪೇಸ್ ಇರಲಿಲ್ಲ, ಈ ಬಾರಿಯ ಫೋಲ್ಡರಿನ ಹೆಸರು ‘ಜೂನ್ ಹಳೆಯದು’ ಎಂದು ಎರಡು ಪದಗಳಾಗಿತ್ತು. ವೇರಿಯಬಲ್ಲನ್ನು ಜೋಡಿ ಕೋಟ್‌ಗಳ ಒಳಗೆ ಬರೆದಿರದ ಕಾರಣ ಬ್ಯಾಷ್ ಎಂಬ ಶೆಲ್ ಆ ಹೆಸರನ್ನು ಎರಡಾಗಿ ಒಡೆದು ‘ಸಿಡಿ’ಗೆ ಕೊಟ್ಟಿತು. ಒಂದರ ಬದಲು ಎರಡು ಹೆಸರು ಬಂದದ್ದರಿಂದ ‘ಸಿಡಿ’ ತಕರಾರು ಹೇಳಿ, ಇದ್ದ ಜಾಗದಲ್ಲೇ ಉಳಿಯಿತು. ಆದರೆ ಶೆಲ್ಲಿನ ರೂಢಿಯಲ್ಲಿ ಒಂದು ಸಾಲು ಸೋತರೆ ಮುಂದಿನ ಸಾಲು ನಿಲ್ಲಬೇಕೆಂಬ ನಿಯಮವಿಲ್ಲ. ಹೀಗಾಗಿ ‘ಆರ್‌ಎಂ’ ತನ್ನ ಪಾಡಿಗೆ ತಾನು ಓಡಿತು, ಆ ಹೊತ್ತಿಗೆ ನೀವು ನಿಂತಿದ್ದದ್ದು ಮಂಡಿಯ ಮುಖ್ಯ ಫೋಟೊ ಫೋಲ್ಡರಿನಲ್ಲಿ. ವೇರಿಯಬಲ್ ಖಾಲಿಯಾಗಿದ್ದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು, ಏಕೆಂದರೆ ಹೆಸರೇ ಇಲ್ಲದ ‘ಸಿಡಿ’ ನೇರವಾಗಿ ನಿಮ್ಮ ಹೋಮ್ ಫೋಲ್ಡರಿಗೆ ಹೋಗುತ್ತದೆ.

ಇದು ಹೊಸಬರು ಮಾತ್ರ ಮಾಡುವ ತಪ್ಪೆಂದು ಬೇಸರಪಟ್ಟುಕೊಳ್ಳಬೇಡಿ. 2015ರ ಜನವರಿಯಲ್ಲಿ ಲಿನಕ್ಸ್‌ಗಾಗಿ ಇದ್ದ ಸ್ಟೀಮ್ ಆಟಗಳ ತಂತ್ರಾಂಶದ ಶೆಲ್ ಸ್ಕ್ರಿಪ್ಟಿನಲ್ಲಿ ಇದೇ ಬಗೆಯ ದೋಷ ಬಯಲಾಯಿತು. ತನ್ನ ಫೋಲ್ಡರಿನ ವಿಳಾಸ ಇರಬೇಕಾದ ವೇರಿಯಬಲ್ ಖಾಲಿಯಾದಾಗ, ಅದರ ಮುಂದಿದ್ದ ಸ್ಲ್ಯಾಶ್ ಮತ್ತು ನಕ್ಷತ್ರ ಮಾತ್ರ ಉಳಿದು, ಅಳಿಸುವ ಕಮಾಂಡ್ ಇಡೀ ಯಂತ್ರದ ಬೇರಿನಿಂದಲೇ ಶುರುವಾಗುತ್ತಿತ್ತು. ಅಲ್ಲಿ ಕೋಟ್‌ಗಳೂ ಇದ್ದವು ಎಂಬುದನ್ನು ಗಮನಿಸಬೇಕು. ಕೋಟ್ ಹಾಕುವುದರಿಂದ ಸ್ಪೇಸಿನ ಕಾಟ ತಪ್ಪುತ್ತದೆಯೇ ಹೊರತು, ಖಾಲಿ ವೇರಿಯಬಲ್ಲಿನ ಕಾಟ ತಪ್ಪುವುದಿಲ್ಲ.

ಆದ್ದರಿಂದ ಅಳಿಸುವ ಯಾವ ತುಣುಕಿಗೂ ಮೂರು ಬಿಗಿಗಳು ಬೇಕು. ವೇರಿಯಬಲ್ಲನ್ನು ಕೋಟ್ ಮಾಡುವುದು ಒಂದು. ವೇರಿಯಬಲ್ ಹೆಸರಿನ ಮುಂದೆ ಪುಷ್ಪಾವರಣದೊಳಗೆ ಕೋಲನ್ ಮತ್ತು ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಫೋಲ್ಡರ್ ಹೆಸರು ಕೊಟ್ಟಿಲ್ಲ’ ಎಂದು ಬರೆಯುವುದು ಇನ್ನೊಂದು. ಹಾಗೆ ಬರೆದರೆ, ಖಾಲಿಯಿದ್ದಾಗ ಶೆಲ್ ಆ ಮಾತನ್ನೇ ಹೇಳಿ ನಿಂತುಬಿಡುತ್ತದೆ. ಮೂರನೆಯದಾಗಿ, ‘ಸಿಡಿ’ಯ ಪಕ್ಕದಲ್ಲೇ ಎರಡು ನೆಟ್ಟಗಿನ ಗೆರೆ ಹಾಕಿ ‘ಎಕ್ಸಿಟ್ 1’ ಎಂದು ಬರೆಯಬೇಕು, ಅಂದರೆ ಹೋಗಲಾಗದಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ಮುಗಿಯಬೇಕು. ಎಲ್ಲ ಸ್ಕ್ರಿಪ್ಟುಗಳ ತಲೆಯಲ್ಲಿ ‘ಸೆಟ್’ ಕಮಾಂಡಿಗೆ ಇ, ಯು ಮತ್ತು ಪೈಪ್‌ಫೇಲ್ (ತಪ್ಪಾದಾಗ ಸ್ಕ್ರಿಪ್ಟನ್ನು ನಿಲ್ಲಿಸುವ ಆಯ್ಕೆಗಳು) ಕೊಡುವ ರೂಢಿಯೂ ಒಳ್ಳೆಯದೇ, ನಾನೂ ಬರೆಯುತ್ತೇನೆ. ಆದರೆ ಅದನ್ನೇ ರಕ್ಷಾಕವಚವೆಂದು ನಂಬಬಾರದು. ‘ಇಫ್’ನ ಷರತ್ತಿನೊಳಗೆ ಸೋತ ಕಮಾಂಡನ್ನು ‘ಇ’ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಂಥ ವಿನಾಯಿತಿಗಳು ಇನ್ನೂ ಹಲವಿವೆ.

ಈ ಬಿಗಿಗಳನ್ನು ನೆನಪಿಟ್ಟುಕೊಳ್ಳುವ ಹೊರೆ ನಿಮಗೆ ಬೇಡವೆಂದರೆ ‘ಶೆಲ್‌ಚೆಕ್’ ಎಂಬ ಉಚಿತ ಉಪಕರಣವಿದೆ. ನಿಮ್ಮ ಎರಡು ಸಾಲನ್ನು ಅದಕ್ಕೆ ಕೊಟ್ಟೆ. ಕೋಟ್ ಹಾಕಿಲ್ಲವೆಂದು 2086ನೆಯ ಎಚ್ಚರಿಕೆಯನ್ನೂ, ‘ಸಿಡಿ’ ಸೋತರೆ ಏನು ಎಂದು 2164ನೆಯ ಎಚ್ಚರಿಕೆಯನ್ನೂ ಕೂಡಲೇ ಕೊಟ್ಟಿತು. ಇನ್ನೂರು ತುಣುಕುಗಳಲ್ಲಿ ಶೆಲ್ಲಿಗೆ ಸೇರಿದವನ್ನೆಲ್ಲ ಒಂದು ಮಧ್ಯಾಹ್ನ ಅದರ ಮುಂದೆ ಹಾಯಿಸಿ. ಅರ್ಧದಷ್ಟು ಜರಡಿ ಕೆಲಸ ಅಲ್ಲೇ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾದ ನನ್ನ ಸಲಹೆಯೆಂದರೆ, ದಿನನಿತ್ಯದ ಸ್ಕ್ರಿಪ್ಟಿನಲ್ಲಿ ಅಳಿಸುವ ಕಮಾಂಡೇ ಬೇಡ. ಹಳೆಯದನ್ನು ತಾರೀಖಿನ ಹೆಸರಿರುವ ಒಂದು ಫೋಲ್ಡರಿಗೆ ‘ಎಂವಿ’ ಮಾಡಿ (ಸ್ಥಳಾಂತರಿಸಿ) ಇಡಿ, ತಿಂಗಳಾದ ಮೇಲೆ ಕಣ್ಣಾರೆ ನೋಡಿ ಕೈಯಿಂದ ತೆಗೆಯಿರಿ. ಮಂಡಿಯ ಫೋಟೊಗಳು ತಿನ್ನುವ ಜಾಗಕ್ಕೆ ಆಗುವ ಖರ್ಚು, ಕಳೆದುಹೋದ ಫೋಟೊಗಳಿಗಾಗಿ ಮಾಲೀಕರ ಮುಂದೆ ನಿಲ್ಲುವ ಕಷ್ಟಕ್ಕಿಂತ ಕಡಿಮೆ.

ಇನ್ನು ತಾರೀಖು. ನಿಮ್ಮ ದರಪಟ್ಟಿಯ ಪುಟದಲ್ಲಿರುವ ತುಣುಕು ಬಹಳ ಪ್ರಸಿದ್ಧವಾದದ್ದು. ಹೊಸ ‘ಡೇಟ್’ ಒಂದನ್ನು ತೆಗೆದುಕೊಂಡು, ‘ಟು ಐಎಸ್‌ಓ ಸ್ಟ್ರಿಂಗ್’ ಮಾಡಿ, ಮೊದಲ ಹತ್ತು ಅಕ್ಷರ ಕತ್ತರಿಸುವುದು. ವರ್ಷ, ತಿಂಗಳು, ದಿನ ಅಚ್ಚುಕಟ್ಟಾಗಿ ಬರುತ್ತವೆ. ಆದರೆ ಆ ವಿಧಾನ ಕೊಡುವುದು ಯುಟಿಸಿ ಎಂಬ ಜಾಗತಿಕ ಮೂಲ ಕಾಲವನ್ನು, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ಮಧ್ಯರಾತ್ರಿ 12ರಿಂದ ಬೆಳಗಿನ ಜಾವ 5.30ರವರೆಗೆ ಅದು ನಿನ್ನೆಯ ತಾರೀಖನ್ನೇ ಹೇಳುತ್ತದೆ. ಹತ್ತು ಗಂಟೆಗೆ ಕಚೇರಿ ತೆರೆಯುವವರ ಪುಟದಲ್ಲಿ ಈ ದೋಷ ಜನ್ಮದಲ್ಲಿ ಕಾಣುವುದಿಲ್ಲ. ಐದು ಗಂಟೆಗೆ ಪಟ್ಟಿ ಹಾಕಿದ ದಿನ ತಪ್ಪು, ಆರು ಗಂಟೆಗೆ ಹಾಕಿದ ದಿನ ಸರಿ ಎಂಬ ‘ಆಗಾಗ’ದ ಗುಟ್ಟು ಇಷ್ಟೇ.

ಸರಿಪಡಿಸುವ ದಾರಿಗಳಲ್ಲಿ ನಿಮ್ಮ ಫೈಲಿನಲ್ಲೇ ಎರಡಿವೆ. ಒಂದು, ಈಗಿನ ಕಾಲಕ್ಕೆ 330 ನಿಮಿಷ ಕೂಡಿಸುವುದು. ನಮ್ಮಲ್ಲಿ ಬೇಸಿಗೆ-ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದ್ದರಿಂದ ಅದು ಸರಿಯಾಗಿಯೇ ಓಡುತ್ತದೆ, ಸುಳ್ಳು ಹೇಳಬಾರದು. ಆದರೆ ಆರು ತಿಂಗಳ ನಂತರ ಆ 330 ಯಾಕಿದೆಯೆಂದು ನಿಮಗೇ ನೆನಪಿರುವುದಿಲ್ಲ. ಇನ್ನೊಂದು, ಸ್ವೀಡನ್ನಿನ ಭಾಷಾಸಂಕೇತ ಕೊಟ್ಟು ತಾರೀಖನ್ನು ಮುದ್ರಿಸುವ ಉಪಾಯ. ಸ್ವೀಡನ್ನಿನವರು ವರ್ಷವನ್ನು ಮೊದಲು ಬರೆಯುತ್ತಾರೆಂಬುದನ್ನು ನಂಬಿಕೊಂಡು ಕೋಲಾರದ ಟೊಮೆಟೊ ದರಕ್ಕೆ ತಾರೀಖು ಹಾಕುವುದು ನನಗೆ ಅಷ್ಟು ರುಚಿಸುವುದಿಲ್ಲ. ‘ಇಂಟ್ಲ್ ಡೇಟ್‌ಟೈಮ್‌ಫಾರ್ಮ್ಯಾಟ್’ಗೆ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಸ್ಪಷ್ಟವಾಗಿ ಕೊಟ್ಟು, ‘ಫಾರ್ಮ್ಯಾಟ್ ಟು ಪಾರ್ಟ್ಸ್’ನಿಂದ ದಿನ, ತಿಂಗಳು, ವರ್ಷಗಳನ್ನು ಬೇರೆ ಬೇರೆಯಾಗಿ ತೆಗೆದು ನಿಮಗೆ ಬೇಕಾದ ಕ್ರಮದಲ್ಲಿ ಜೋಡಿಸಿ. ಶೆಲ್ಲಿನಲ್ಲಾದರೆ ‘ಡೇಟ್’ ಕಮಾಂಡಿನ ಮುಂದೆ ಟಿಝೆಡ್ ವೇರಿಯಬಲ್ಲಿಗೆ ಅದೇ ಹೆಸರು ಕೊಟ್ಟರೆ ಸಾಕು.

ಸರ್ವರ್ ಯುಟಿಸಿಯಲ್ಲಿದ್ದರೆ, ಗೊತ್ತುಮಾಡಿದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಕ್ರಾನ್ ಕೂಡ ಯುಟಿಸಿಯಲ್ಲೇ ಓಡುತ್ತದೆ. ನಮ್ಮ ಸೋಮವಾರ ಬೆಳಗಿನ 5 ಗಂಟೆ ಅದಕ್ಕೆ ಭಾನುವಾರ ರಾತ್ರಿ 11.30. ‘ಭಾನುವಾರ ಬಿಟ್ಟು ಉಳಿದ ದಿನ’ ಎಂದು ಕ್ರಾನ್‌ನಲ್ಲಿ ಬರೆದಿದ್ದರೆ ಸೋಮವಾರದ ಪಟ್ಟಿ ಬರುವುದೇ ಇಲ್ಲ. ನಿಮ್ಮ ಪತ್ರದಲ್ಲಿ ಈ ದೂರು ಇಲ್ಲವಾದರೂ ಒಮ್ಮೆ ನೋಡಿಕೊಳ್ಳಿ. ಕ್ರಾನ್ ಸಾಲಿನಲ್ಲಿ ಶೇಕಡಾ ಚಿಹ್ನೆಯನ್ನು ಹಾಗೆಯೇ ಬರೆದರೆ ಅದನ್ನು ಹೊಸ ಸಾಲೆಂದು ಎಣಿಸಲಾಗುತ್ತದೆ ಎಂಬುದೂ ತಿಳಿದಿರಲಿ. ತಾರೀಖು ಮುದ್ರಿಸುವ ಕಮಾಂಡ್ ಟರ್ಮಿನಲ್‌ನಲ್ಲಿ ಸರಿಯಾಗಿದ್ದು ಕ್ರಾನ್‌ನಲ್ಲಿ ಕೈಕೊಡುವುದು ಬಹುತೇಕ ಇದರಿಂದಲೇ. ಕ್ರಾನ್‌ನಲ್ಲಿ ಸ್ಕ್ರಿಪ್ಟಿನ ಪೂರ್ಣ ವಿಳಾಸ ಮಾತ್ರ ಇರಲಿ, ಕೆಲಸವೆಲ್ಲ ಸ್ಕ್ರಿಪ್ಟಿನ ಒಳಗಿರಲಿ.

ನೀವು ಕೇಳದೆ ಇದ್ದರೂ, ಕನ್ನಡದಲ್ಲಿ ಪುಟ ಮಾಡುವವರೆಲ್ಲ ಇಂದಲ್ಲ ನಾಳೆ ಬೀಳುವ ಹಳ್ಳವೊಂದನ್ನು ಹೇಳಬೇಕು, ಏಕೆಂದರೆ ನಿಮ್ಮ ಫೈಲಿನಲ್ಲಿ ಆ ತುಣುಕೂ ಇದೆ. ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಾಗಿಸಲು ‘ಟಿಆರ್’ ಕಮಾಂಡಿಗೆ ೦೧೨೩೪೫೬೭೮೯ ಮತ್ತು 0123456789 ಎಂದು ಎರಡು ಸಾಲು ಕೊಡುವ ತುಣುಕದು. ಇದೇ ತುಣುಕನ್ನು ನಾನು ವರ್ಷಗಳ ಹಿಂದೆ ತುಮಕೂರಿನಲ್ಲಿ ಕುಳಿತು, ತಿಪಟೂರಿನ ಒಬ್ಬ ವರ್ತಕರ ಕೊಬ್ಬರಿ ದರದ ಪುಟಕ್ಕೆ ಹಾಕಿದ್ದೆ. ಅವರ ಗುಮಾಸ್ತರು ಅಲ್ಲಿಯವರೆಗೂ ಇಂಗ್ಲಿಷ್ ಅಂಕಿಯಲ್ಲೇ ದರ ತುಂಬುತ್ತಿದ್ದರು. ಒಂದು ದಿನ ಕನ್ನಡ ಕೀಲಿಮಣೆಯಲ್ಲಿ ತುಂಬಿದರು, ಕ್ವಿಂಟಲಿನ ಐದಂಕಿಯ ದರ ಪುಟದ ಮೇಲೆ ಹದಿನೈದಂಕಿಯಾಗಿ ಕಾಣಿಸಿತು. ‘ಏನ್ ಸಾರ್, ಕೊಬ್ರಿ ರೇಟು ಒಂದೇ ರಾತ್ರೀಲಿ ಇಷ್ಟು ಏರೈತಾ?’ ಎಂದು ವರ್ತಕರೇ ಫೋನ್ ಮಾಡಿ ನಕ್ಕರು. ನನಗೆ ನಗು ಬರಲಿಲ್ಲ.

ಆದದ್ದೇನೆಂದರೆ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಂಕಿಯೊಂದಕ್ಕೆ ಒಂದು ಬೈಟ್ ಸಾಕು, ಕನ್ನಡ ಅಂಕಿಯೊಂದಕ್ಕೆ ಮೂರು ಬೇಕು. ಲಿನಕ್ಸ್ ಸರ್ವರುಗಳಲ್ಲಿ ಸಾಮಾನ್ಯವಾಗಿ ಇರುವ ಗ್ನೂ ‘ಟಿಆರ್’ ಅಕ್ಷರಗಳನ್ನು ನೋಡುವುದಿಲ್ಲ, ಬೈಟ್‌ಗಳನ್ನು ನೋಡುತ್ತದೆ. ಅದರ ಪಾಲಿಗೆ ಮೊದಲ ಸಾಲಿನಲ್ಲಿ ಹತ್ತು ಅಂಕಿಗಳಿಲ್ಲ, ಮೂವತ್ತು ಬೈಟ್‌ಗಳಿವೆ. ಎರಡನೆಯ ಸಾಲು ಚಿಕ್ಕದಾದರೆ ಅದರ ಕೊನೆಯ ಅಂಕಿಯನ್ನೇ ಎಳೆದು ಉದ್ದ ಸರಿಮಾಡಿಕೊಳ್ಳುವುದು ಅದರ ಅಭ್ಯಾಸ. ಹೀಗೆ ಒಂದೊಂದು ಬೈಟೂ ಒಂದೊಂದು ಇಂಗ್ಲಿಷ್ ಅಂಕಿಯಾಗಿ, ಒಂದು ಕನ್ನಡ ಅಂಕಿ ಮೂರು ಅಂಕಿಗಳಾಗಿ ಒಡೆಯುತ್ತದೆ. ತಪ್ಪಿನ ಸಂದೇಶವಿಲ್ಲ, ಸ್ಕ್ರಿಪ್ಟು ನಿಲ್ಲುವುದಿಲ್ಲ. ನಾನು ದರದ ಕಾಲಂ ಒಂದನ್ನೇ ಅದರ ಮೂಲಕ ಹಾಯಿಸಿದ್ದೆನಾದ್ದರಿಂದ ಬಚಾವಾದೆ. ಇಡೀ ಫೈಲನ್ನು ಹಾಯಿಸಿದ್ದರೆ ಕನ್ನಡದ ಎಲ್ಲ ಅಕ್ಷರಗಳಿಗೂ ಮೊದಲ ಬೈಟ್ ಒಂದೇ ಆಗಿರುವುದರಿಂದ ಪದಗಳೂ ಚೂರಾಗುತ್ತಿದ್ದವು.

ಅದೇ ಕೆಲಸವನ್ನು ಪಠ್ಯ ತಿದ್ದುವ ‘ಸೆಡ್’ ಕಮಾಂಡಿನ ‘ವೈ’ ಆಜ್ಞೆಗೆ ಕೊಡಿ. ಅದೂ ಎರಡು ಸಾಲುಗಳನ್ನೇ ಕೇಳುತ್ತದೆ, ಆದರೆ ಯುಟಿಎಫ್-8 ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್) ಇದ್ದಾಗ ಅಕ್ಷರಗಳನ್ನೇ ಎಣಿಸುತ್ತದೆ. ಲೊಕೇಲ್ ಇಲ್ಲದೆ ಬೈಟ್ ಎಣಿಸುವ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ, ಎರಡು ಸಾಲುಗಳ ಉದ್ದ ಒಂದೇ ಆಗಿಲ್ಲವೆಂದು ಹೇಳಿ ನಿಂತುಬಿಡುತ್ತದೆ. ನಾನು ಮೇಲೆ ಹೇಳಿದ ಜರಡಿಯಲ್ಲಿ ‘ಟಿಆರ್’ ಕೆಳಗೆ ಬೀಳುವುದಕ್ಕೂ ‘ಸೆಡ್’ ಮೇಲೆ ಉಳಿಯುವುದಕ್ಕೂ ಕಾರಣ ಈ ನಿಲ್ಲುವ ಗುಣ. ಕ್ರಾನ್‌ನಿಂದ ಓಡುವ ಸ್ಕ್ರಿಪ್ಟಿಗೆ ನಿಮ್ಮ ಟರ್ಮಿನಲ್‌ನ ಲೊಕೇಲ್ ಸಿಗುತ್ತದೆಂಬ ಭರವಸೆ ಇಲ್ಲದ್ದರಿಂದ, ಕನ್ನಡ ಮುಟ್ಟುವ ಎಲ್ಲ ಸ್ಕ್ರಿಪ್ಟುಗಳ ತಲೆಯಲ್ಲಿ ‘ಎಲ್‌ಸಿ ಆಲ್’ಗೆ ‘ಸಿ ಡಾಟ್ ಯುಟಿಎಫ್-8’ ಎಂದು ನೀವೇ ಬರೆದುಬಿಡಿ.

ಶೀರ್ಷಿಕೆಯನ್ನು ಇಪ್ಪತ್ತು ಅಕ್ಷರಕ್ಕೆ ಕತ್ತರಿಸುವ ತುಣುಕನ್ನು ತೆಗೆದುಹಾಕಿ, ಬದಲಿಗೆ ಏನನ್ನೂ ಹಾಕಬೇಡಿ. ಚಿಕ್ಕಬಳ್ಳಾಪುರ ಎಂಬ ಹೆಸರು ನಮ್ಮ ಕಣ್ಣಿಗೆ ಆರು ಅಕ್ಷರ, ಜಾವಾಸ್ಕ್ರಿಪ್ಟಿನ ‘ಲೆಂತ್’ಗೆ 13, ಡಿಸ್ಕಿನ ಮೇಲೆ 39 ಬೈಟ್. ಯಂತ್ರದ ಈ ಎರಡು ಲೆಕ್ಕಗಳಲ್ಲಿ ಯಾವುದನ್ನು ಹಿಡಿದು ಕತ್ತರಿಸಿದರೂ ಒಂದಲ್ಲ ಒಂದು ದಿನ ಒತ್ತಕ್ಷರದ ನಡುವೆ ಕತ್ತರಿ ಬೀಳುತ್ತದೆ. ಜಾಗಕ್ಕೆ ತಕ್ಕಂತೆ ಮೊಟಕುಗೊಳಿಸುವ ಕೆಲಸವನ್ನು, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನ ‘ಟೆಕ್ಸ್ಟ್ ಓವರ್‌ಫ್ಲೋ’ಗೆ ಬಿಡುವುದೇ ಲೇಸು.

ಹುಡುಕುವ ಪೆಟ್ಟಿಗೆಯ ತುಣುಕಿಗೆ ಮಾತ್ರ ಎರಡು ಸಾಲು ಸೇರಿಸಬೇಕು. ನಿಮ್ಮ ಜಿಲ್ಲೆಯದೇ ಹೆಸರು ತೆಗೆದುಕೊಳ್ಳಿ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯನ್ನು ಒಬ್ಬರು ಹೀಗೆ ಬಿಡಿಸಿ ಬರೆಯುತ್ತಾರೆ, ಇನ್ನೊಬ್ಬರ ಮೊಬೈಲಿನಲ್ಲಿ ಅದು ರಾಬರ್ಟ್ಸನ್ಪೇಟೆ ಎಂದು ಒತ್ತಾಗಿ ಬರುತ್ತದೆ. ಓದುವವರಿಗೆ ಎರಡೂ ಒಂದೇ ಊರು. ಯಂತ್ರಕ್ಕೆ ಮೊದಲನೆಯದರಲ್ಲಿ ಕಾಣದ ಎರಡು ಗುರುತುಗಳು ಹೆಚ್ಚಿಗೆ ಇವೆ, ಹಾಗಾಗಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ‘ಕೋ’ ಎಂಬ ಒಂದೇ ಅಕ್ಷರದಲ್ಲೂ ಇಂಥದ್ದೇ ತೊಡಕಿದೆ. ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದು, ಹಾಗಾಗಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ಕೋಲಾರ’ಗಳು ಹೋಲಿಕೆಯಲ್ಲಿ ಬೇರೆಯಾಗುತ್ತವೆ. ಹುಡುಕುವ ಪದಕ್ಕೂ ಪಟ್ಟಿಯ ಹೆಸರಿಗೂ ‘ನಾರ್ಮಲೈಸ್’ ವಿಧಾನವನ್ನು ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಒಂದಾಗಿಸುವ ರೂಪ) ಎಂದು ಕೊಟ್ಟು ಓಡಿಸಿ, ಆಮೇಲೆ ಕಾಣದ ಜೋಡಕ ಗುರುತುಗಳನ್ನು ತೆಗೆದು ಹೋಲಿಸಿ. ಇದನ್ನು ಹೋಲಿಕೆಗಾಗಿ ಮಾಡಿಕೊಂಡ ಪ್ರತಿಯ ಮೇಲೆ ಮಾತ್ರ ಮಾಡಬೇಕು. ಪುಟದಲ್ಲಿ ತೋರಿಸುವ ಪಠ್ಯದಿಂದಲೇ ತೆಗೆದರೆ ಜನರ ಹೆಸರುಗಳು ವಿಕಾರವಾಗಿ, ಮರುದಿನ ಫೋನ್ ಬರುತ್ತದೆ.

ಜಾಲತಾಣ ಎದ್ದಿದೆಯೇ ಎಂದು ನೋಡುವ ‘ಕರ್ಲ್’ ತುಣುಕು ನಿಮ್ಮಲ್ಲಿ ಏಳು ಬಗೆಯಲ್ಲಿ ಇದೆ, ಏಳರಲ್ಲೂ ಒಂದೇ ಕೊರತೆ. ಸರ್ವರ್ 404 ಅಥವಾ 500 ಎಂದು ಉತ್ತರಿಸಿದರೂ, ಉತ್ತರ ಬಂತಲ್ಲ ಎಂಬ ಕಾರಣಕ್ಕೆ ‘ಕರ್ಲ್’ ಸೊನ್ನೆಯನ್ನೇ, ಅಂದರೆ ಯಶಸ್ಸನ್ನೇ ವರದಿ ಮಾಡುತ್ತದೆ. ಮೈನಸ್ ಎಫ್ ಕೊಟ್ಟರೆ ಮಾತ್ರ 400 ಮತ್ತು ಅದರ ಮೇಲಿನ ಉತ್ತರಗಳಿಗೆ 22 ಎಂಬ ಸಂಕೇತದೊಡನೆ ಸೋಲುತ್ತದೆ. ಜೊತೆಗೆ ‘ಮ್ಯಾಕ್ಸ್ ಟೈಮ್’ ಹತ್ತು ಸೆಕೆಂಡ್ ಎಂದಿರಲಿ, ಇಲ್ಲದಿದ್ದರೆ ಒಂದು ನಿಧಾನದ ಸರ್ವರಿಗಾಗಿ ಇಡೀ ಸ್ಕ್ರಿಪ್ಟ್ ಕಾದು ಕೂರುತ್ತದೆ. ನಿಮ್ಮ ಕೆಲಸಕ್ಕೆ ಅದೂ ಸಾಲದು ಎನ್ನಿಸುತ್ತದೆ. ಪುಟ ಎದ್ದಿದ್ದೂ ಒಳಗೆ ನಿನ್ನೆಯ ದರವೇ ಇರಬಹುದು. ತಂದ ಪುಟದಲ್ಲಿ ಇಂದಿನ ತಾರೀಖು ಇದೆಯೇ ಎಂದು ‘ಗ್ರೆಪ್’ ಮಾಡಿ, ಇಲ್ಲದಿದ್ದರೆ ನಿಮಗೆ ಸಂದೇಶ ಬರುವ ಹಾಗೆ ಬರೆದುಕೊಂಡರೆ ಏಳರ ಜಾಗದಲ್ಲಿ ಒಂದೇ ಸ್ಕ್ರಿಪ್ಟ್ ಸಾಕಾಗುತ್ತದೆ. ಫೋಲ್ಡರುಗಳನ್ನು ನಕಲು ಮಾಡುವ ‘ಆರ್‌ಸಿಂಕ್’ ತುಣುಕು ಚೆನ್ನಾಗಿದೆ. ಆದರೆ ಮೂಲ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಸ್ಲ್ಯಾಶ್ ಇದ್ದರೆ ಒಳಗಿನ ಫೈಲುಗಳು ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಮೂಲದಲ್ಲಿಲ್ಲದ ಫೈಲುಗಳನ್ನು ನಕಲಿನಿಂದ ಅಳಿಸುವ ‘ಡಿಲೀಟ್’ ಆಯ್ಕೆ ಜೊತೆಗಿದ್ದಾಗ ಈ ಒಂದು ಸ್ಲ್ಯಾಶಿನ ವ್ಯತ್ಯಾಸಕ್ಕೆ ಬೆಲೆ ಹೆಚ್ಚು, ಆದ್ದರಿಂದ ಮೊದಲ ಬಾರಿ ಮೈನಸ್ ಎನ್ ಹಾಕಿ ಏನೇನು ಆಗಲಿದೆಯೆಂದು ಓದಿಕೊಳ್ಳಿ.

ಉಳಿದದ್ದನ್ನು ಇಡುವ ಬಗೆ ಸರಳ. ಬರೀ ಹೆಸರು ಮೊಟಕುಗೊಳಿಸುವುದಾದರೆ ಏಲಿಯಾಸ್, ನೀವು ಕುಳಿತಿರುವ ಶೆಲ್ಲನ್ನೇ ಬೇರೆ ಫೋಲ್ಡರಿಗೆ ಒಯ್ಯಬೇಕಾದರೆ ಫಂಕ್ಷನ್, ಮಿಕ್ಕಿದ್ದೆಲ್ಲ ಸ್ವತಂತ್ರ ಸ್ಕ್ರಿಪ್ಟ್. ಒಂದು ಫೋಲ್ಡರ್ ಮಾಡಿ, ಬದಲಾವಣೆಗಳ ಇತಿಹಾಸ ಕಾಪಾಡುವ ಗಿಟ್‌ಗೆ ಸೇರಿಸಿ, ಪ್ರತಿ ಫೈಲಿನ ತಲೆಯಲ್ಲಿ ಅದು ಏನು ಮಾಡುತ್ತದೆ, ಹೇಗೆ ಕರೆಯಬೇಕು, ಎಲ್ಲಿ ಸೋಲುತ್ತದೆ ಎಂದು ಕನ್ನಡದಲ್ಲೇ ಬರೆಯಿರಿ. ಮೂರನೆಯದನ್ನು ಬರೆಯಲಾಗದಿದ್ದರೆ ಆ ತುಣುಕು ನಿಮಗಿನ್ನೂ ಅರ್ಥವಾಗಿಲ್ಲವೆಂದು ತಿಳಿದು ಪಕ್ಕಕ್ಕಿಡಿ. ಅಂದಹಾಗೆ, ನೀವು ಕಳುಹಿಸಿದ ಫೈಲಿನಲ್ಲಿ ಎರಡು ಕಡೆ ಡೇಟಾಬೇಸಿನ ಪಾಸ್‌ವರ್ಡ್ ಹಾಗೆಯೇ ಇದೆ. ಇಂದೇ ಬದಲಿಸಿ, ಗಿಟ್‌ಗೆ ಸೇರಿಸುವ ಮೊದಲು ತೆಗೆಯಿರಿ. ಕಮಾಂಡಿನ ಸಾಲಿನಲ್ಲಿ ಬರೆದ ಪಾಸ್‌ವರ್ಡ್ ಆ ಕಮಾಂಡ್ ಓಡುವಷ್ಟು ಹೊತ್ತು ಅದೇ ಸರ್ವರಿನ ಬೇರೆ ಬಳಕೆದಾರರಿಗೂ, ಓಡುತ್ತಿರುವ ಕಮಾಂಡ್‌ಗಳ ಪಟ್ಟಿ ಕೊಡುವ ‘ಪಿಎಸ್’ನಲ್ಲಿ ಕಾಣಬಹುದು.

ಪೈಥಾನ್‌ನ ಪ್ರಶ್ನೆಗೆ ನನ್ನ ಉತ್ತರ ‘ಎಲ್ಲವನ್ನೂ ಬೇಡ’ ಎಂದು. ಫೈಲುಗಳನ್ನು ಸಾಗಿಸುವುದು, ಒಂದು ಪ್ರೋಗ್ರಾಮಿನ ನಂತರ ಇನ್ನೊಂದನ್ನು ಕರೆಯುವುದು ಶೆಲ್ಲಿನಲ್ಲೇ ಚಿಕ್ಕದಾಗಿ ಮುಗಿಯುತ್ತದೆ. ದರಪಟ್ಟಿಯ ಸಿಎಸ್‌ವಿಯನ್ನು (ಖಾನೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಫೈಲನ್ನು) ಪುಟವಾಗಿಸುವ ಕೆಲಸವನ್ನು ಮಾತ್ರ ಖಂಡಿತ ಪೈಥಾನ್‌ಗೆ ಒಯ್ಯಿರಿ. ಈಗ ನೀವು ‘ಆಕ್’ನಿಂದ ಅಲ್ಪವಿರಾಮ ಕಂಡಲ್ಲೆಲ್ಲ ಸಾಲನ್ನು ಒಡೆಯುತ್ತಿದ್ದೀರಿ. ‘ಮಾಲೂರು, ಬಂಗಾರಪೇಟೆ’ ಎಂದು ಒಂದೇ ಖಾನೆಯಲ್ಲಿ ಎರಡು ಊರು ಬಂದ ದಿನ 15 ಕಿಲೊ ಬಾಕ್ಸಿನ ದರ ಪಕ್ಕದ ಕಾಲಂಗೆ ಸರಿಯುತ್ತದೆ. ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಕೋಟ್‌ಗಳ ಒಳಗಿನ ಅಲ್ಪವಿರಾಮವನ್ನು ಗುರುತಿಸುತ್ತದೆ. ಅದರ ‘ಇಂಟ್’ಗೆ ೪೫೦ ಎಂದು ಕನ್ನಡದಲ್ಲೇ ಕೊಟ್ಟರೂ 450 ಎಂದು ಸರಿಯಾಗಿ ಓದುತ್ತದೆ, ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಮಂಡಿಯ ಗುಮಾಸ್ತರು ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿಯಾಗಿ ಉಳಿಸಿ ಕಳುಹಿಸುತ್ತಾರಾದರೆ ‘ಯುಟಿಎಫ್-8-ಸಿಗ್’ ಎಂದು ಕೊಡಿ. ಎಕ್ಸೆಲ್ ಫೈಲಿನ ಮೊದಲಿಗೆ ಕಾಣದ ಗುರುತೊಂದನ್ನು ಅಂಟಿಸಿರುತ್ತದೆ. ಅದನ್ನು ಕಳಚದಿದ್ದರೆ ಮೊದಲ ಕಾಲಂನ ‘ತಳಿ’ ಎಂಬ ಹೆಸರು ಕಣ್ಣೆದುರಿಗೇ ಇದ್ದರೂ, ಅಂಥ ಕಾಲಂ ಇಲ್ಲವೆಂದು ಹೇಳಿ ಪ್ರೋಗ್ರಾಂ ನಿಂತುಬಿಡುತ್ತದೆ.